ಪ್ರಮೋದಾಳ ಕೆನ್ನೆಯ ಮಚ್ಚೆ

ಕುಂದಾಣದ ಆಶಾರಾಣಿ ಕ್ಯಾಮೆರಾ ವಿಷಯದಲ್ಲಿ ಬಲು ಜೋಪಾನದ ಹೆಂಗಸು. ಅಂಥವಳಿಗೂ ಆ ವರ್ಷ ರಾಗಿ ಒಕ್ಕಣೆಯ ದಿನ ಬುದ್ಧಿಗೆ ಮಂಕು ಕವಿಯಿತು.

ಮದುವೆಗೆ ಮುಂಚೆ ಅವಳು ದೇವನಹಳ್ಳಿ ಹತ್ತಿರದ ವಿಜಯಪುರದ ಸ್ಟುಡಿಯೋ ಒಂದರಲ್ಲಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತ, ಕಂಪ್ಯೂಟರಿನಲ್ಲಿ ಜನರ ಮೊಡವೆ ಅಳಿಸುತ್ತ ಕೆಲಸ ಕಲಿತವಳು. ಗಂಡ ಹರಿಪ್ರಸಾದ್ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಾನೆ. ದೇವನಹಳ್ಳಿಯ ಗೋವಿಂದರಾಜು ಅವರ ಅಂಗಡಿಯಲ್ಲಿ ಹಳೆಯ ಡಿಜಿಟಲ್ ಕ್ಯಾಮೆರಾ ಒಂದು ಎರಡು ಲೆನ್ಸುಗಳ ಸಮೇತ ಮಾರಾಟಕ್ಕಿದೆ ಎಂದು ತಿಳಿದು ಅವನೇ ಹೆಂಡತಿಗೆ ಕೊಡಿಸಿದ್ದ. "ಇದ್ರ ಬದ್ಲು ಒಂದು ಸೀಮೆಹಸು ಕಟ್ಟಿದ್ರೆ ಹಾಲಾದ್ರೂ ಕರೀತಿತ್ತು" ಎಂದು ಅತ್ತೆ ಬೈರಮ್ಮ ಗೊಣಗಿದ್ದರು. ಆದರೆ ಸೊಸೆ ನಾಮಕರಣ, ಸೀಮಂತ, ಆರತಿ ಎಂದು ಸುತ್ತಲ ಹಳ್ಳಿಗಳಿಗೆ ಹೋಗಿಬರುತ್ತ, ಹೋದಲ್ಲೆಲ್ಲ ಜನ "ಬೈರಮ್ಮನ ಸೊಸೆ ಬಂದ್ಲು, ಎಲ್ಲಾ ಸರಿಯಾಗಿ ನಿಂತ್ಕೊಳ್ರಪ್ಪ" ಅನ್ನತೊಡಗಿದ ಮೇಲೆ ಆ ಹಸುವಿನ ಮಾತು ನಿಂತಿತು. ಈಗ ಬೈರಮ್ಮನ ಬಾಯಲ್ಲಿ ಅದು "ನಮ್ ಕ್ಯಾಮೆರಾ". ಆಯುಧಪೂಜೆಯ ದಿನ ನೇಗಿಲು, ಟ್ಯಾಕ್ಸಿ, ಮಿಕ್ಸಿಗಳ ಸಾಲಿನಲ್ಲಿ ಅದನ್ನೂ ಕೂರಿಸಿ ವಿಭೂತಿ ಕುಂಕುಮ ಹಚ್ಚಲು ಅವರು ಕೈ ಚಾಚಿದಾಗ ಆಶಾರಾಣಿ ಲೆನ್ಸಿನ ಮುಚ್ಚಳವನ್ನು ಭದ್ರವಾಗಿ ಒತ್ತಿ, "ಅತ್ತೆ, ಮುಚ್ಚಳಕ್ಕಷ್ಟೇ ಹಚ್ಚಿ, ಪುಣ್ಯ ಒಳಕ್ಕೆ ತಾನಾಗೇ ಇಳ್ಕೊಳ್ಳುತ್ತೆ" ಎಂದಿದ್ದಳು.

ಅಷ್ಟು ಜೋಪಾನ. ಕೆಲಸ ಮುಗಿಸಿ ಬಂದ ಕೂಡಲೇ ಮೆತ್ತನೆಯ ಬಟ್ಟೆಯಿಂದ ಒರೆಸಿ, ಬ್ಯಾಟರಿ ತೆಗೆದು, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಚಪ್ಪಲಿ ಡಬ್ಬಿಗಳಲ್ಲಿ ಸಿಗುವ ತೇವ ಹೀರುವ ಸಣ್ಣ ಪೊಟ್ಟಣಗಳನ್ನು ಸುತ್ತ ಜೋಡಿಸುತ್ತಿದ್ದಳು. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿದರೆ ಉಪ್ಪಿನಕಾಯಿಯ ಹಾಗೆ ಮೇಲಿಂದ ತೆಗೆದುಹಾಕಿ ತಿನ್ನಲಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಒಕ್ಕಣೆಯ ದಿನ ಮಾವ ದೊಡ್ಡಬೀರಪ್ಪ ಊರ ಹೊರಗಿನ ಟಾರು ರಸ್ತೆಯ ಮೇಲೆ ರಾಗಿ ತೆನೆ ಹರಡಿದ್ದರು. ಹೋಗಿ ಬರುವ ಕಾರು, ಟ್ರ್ಯಾಕ್ಟರು, ಬಸ್ಸುಗಳೆಲ್ಲ ಬೈದುಕೊಂಡೇ ಅದರ ಮೇಲೆ ಹಾದು ಕಾಳು ಉದುರಿಸಿಕೊಟ್ಟಿದ್ದವು. ಇಳಿಹೊತ್ತಿಗೆ ಗಾಳಿ ಬಿಟ್ಟಿತು. ಮಾವ ತಲೆಗೆ ಟವೆಲ್ಲು ಸುತ್ತಿ, ಮೊರ ಎತ್ತಿ ತೂರಲು ನಿಂತರು. ಎದುರು ಬಿಸಿಲಿಗೆ ಹೊಟ್ಟು ಚಿನ್ನದ ಪುಡಿಯ ಹಾಗೆ ಹಾರತೊಡಗಿತು. ಆಶಾರಾಣಿಗೆ ಕೈ ತಡೆಯಲಿಲ್ಲ. ಸಣ್ಣ ಲೆನ್ಸಿನಲ್ಲಿ ಒಂದಷ್ಟು ತೆಗೆದಳು. ಆಮೇಲೆ ಮಾವನ ಮುಖದ ಸುಕ್ಕು ಹತ್ತಿರದಿಂದ ಬೇಕೆನ್ನಿಸಿತು. ಉದ್ದದ ಲೆನ್ಸು ಹೆಗಲ ಚೀಲದಲ್ಲೇ ಇತ್ತು. ಅಲ್ಲೇ ನಿಂತು ಒಂದನ್ನು ತಿರುಗಿಸಿ ಬಿಚ್ಚಿ, ಇನ್ನೊಂದನ್ನು ಸಿಕ್ಕಿಸಿದಳು. ಕಣ್ಣು ಮಿಟುಕಿಸುವಷ್ಟರ ಕೆಲಸ. ಅಷ್ಟರಲ್ಲಿ ಹೊಟ್ಟಿನ ಒಂದು ಚೂರು ತೆರೆದ ಬಾಯಿಂದ ಒಳಹೊಕ್ಕು, ತವರಿಗೆ ಬಂದ ಮಗಳ ಹಾಗೆ ಆರಾಮವಾಗಿ ಕೂತುಬಿಟ್ಟಿತು.

ಅದು ಬೆಳಕಿಗೆ ಬಂದದ್ದು ಮುನಿರತ್ನಮ್ಮನ ಮನೆಯ ನಾಮಕರಣದಲ್ಲಿ. ಮುನಿರತ್ನಮ್ಮನದು ಹಿಂದಿನ ಬೀದಿ. ಹಿರಿಮಗಳು ಬಾಣಂತನಕ್ಕೆ ಬಂದಿದ್ದಳು. ಮೊಮ್ಮಗ ಕೆಂಪಗೆ, ದುಂಡಗೆ, ಬೆಣ್ಣೆಯುಂಡೆಯ ಹಾಗಿದ್ದ. ತೊಟ್ಟಿಲಲ್ಲಿ ಮಲಗಿಸಿ ತೆಗೆದ ಚಿತ್ರವನ್ನು ಆಶಾರಾಣಿ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿದಳು. ಕೂಸಿನ ಕೆನ್ನೆಯ ಮೇಲೊಂದು ಕಪ್ಪು ಚುಕ್ಕೆ.

ಲೆನ್ಸು ಒರೆಸಿದಳು. ಮತ್ತೆ ತೆಗೆದಳು. ಚುಕ್ಕೆ ಅಲ್ಲೇ. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಎಲ್ಲ ಚೊಕ್ಕಟವಾಗಿ ಕಾಣುತ್ತದೆ, ಚಿತ್ರದಲ್ಲಿ ಮಾತ್ರ ಚುಕ್ಕೆ! "ಅಕ್ಕ, ಫೋಟೋದಲ್ಲಿ ಒಂದು ಕಲೆ ಬಂದ್ಬಿಟ್ಟಿದೆ. ಮನೇಗೆ ಹೋಗಿ ಕಂಪ್ಯೂಟರ್‌ನಲ್ಲಿ ಅಳಿಸಿ ಕೊಡ್ತೀನಿ" ಎಂದು ಮುನಿರತ್ನಮ್ಮನಿಗೆ ತೋರಿಸಿದಳು.

ಮುನಿರತ್ನಮ್ಮ ಪರದೆಯ ಮೇಲೆ ಬಗ್ಗಿ ನೋಡಿದವಳು ಎರಡೂ ಕೈ ಜೋಡಿಸಿಬಿಟ್ಟಳು. "ಅಯ್ಯೋ ನಮ್ಮವ್ವ! ಬೆಳಗಿಂದ ಗಡಿಬಿಡೀಲಿ ಕೂಸಿಗೆ ದೃಷ್ಟಿಬೊಟ್ಟು ಇಡೋದೇ ಮರ್ತಿದ್ವಿ ಕಣೆ. ಬಂದೋರ ಕಣ್ಣೆಲ್ಲ ಇದ್ರ ಮೇಲೇ. ನಿನ್ ಕ್ಯಾಮೆರಾನೇ ಬೊಟ್ಟಿಟ್ಟೈತಲ್ಲೇ! ಅಳಿಸೀಯ ಮತ್ತೆ!"

"ಬೊಟ್ಟಲ್ಲ ಅಕ್ಕ, ಯಾವುದೋ ಧೂಳು…"

"ಧೂಳಾದ್ರೆ ಕಣ್ಣಿಗೋ ಮೂಗಿಗೋ ಬೀಳ್ಬೇಕಿತ್ತು. ಕರೆಕ್ಟಾಗಿ ಕೆನ್ನೆ ಮೇಲೇ ಯಾಕ್ ಬಿತ್ತು? ಸುಮ್ಕಿರು."

ಸಂಜೆಯೊಳಗೆ ಆ ಸುದ್ದಿ ಹಾಲಿನ ಡೈರಿಯ ಸಾಲಿಗೆ ತಲುಪಿತ್ತು. ಬೈರಮ್ಮ ಅದಕ್ಕೆ ತಮ್ಮ ಕಡೆಯಿಂದ ಒಗ್ಗರಣೆ ಹಾಕಿದರು: ಆಯುಧಪೂಜೆಯಲ್ಲಿ ತಾವು ಹಚ್ಚಿದ ಕುಂಕುಮದ ಮಹಿಮೆಯೇ ಇದು. ಎಳೆಗೂಸಿದ್ದ ಮನೆಗಳಿಂದ ಆಶಾರಾಣಿಗೆ ಕರೆ ಬರತೊಡಗಿತು. ಮೊದಲು ಅವಳು ಎಲ್ಲರಿಗೂ ಧೂಳು, ಧೂಳು ಎಂದೇ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಅವಳೂ ಸೋತು, ಚುಕ್ಕೆ ಎಲ್ಲಿ ಬೀಳುತ್ತದೆಂದು ಅಂದಾಜು ಮಾಡಿ, ಕೂಸಿನ ಕೆನ್ನೆಯನ್ನೋ ಅಂಗಾಲನ್ನೋ ಸರಿಯಾಗಿ ಅದರಡಿಗೆ ತರುವುದನ್ನು ಅಭ್ಯಾಸ ಮಾಡಿಕೊಂಡಳು.

ಹರಿಪ್ರಸಾದನಿಗೆ ಮಾತ್ರ ಇದು ಹಿಡಿಸಲಿಲ್ಲ. "ಲೇ, ಗಾಡೀಲಿ ಸಣ್ಣ ಸೌಂಡ್ ಬಂದ್ರೂ ನಾನು ಅವತ್ತೇ ಮೆಕ್ಯಾನಿಕ್ ಹತ್ರ ಬಿಡ್ತೀನಿ. ಆ ಸೌಂಡೇ ಚೆನ್ನಾಗಿದೆ ಅಂತ ಓಡಿಸ್ತಾರೇನೇ? ಗೋವಿಂದರಾಜಣ್ಣನ ಹತ್ರ ತೋರಿಸು."

"ತೋರಿಸ್ತೀನಿ ರೀ, ಈ ವಾರ ಮುಗೀಲಿ."

ವಾರ ಮುಗಿಯಿತು. ಧನುರ್ಮಾಸ ಕಳೆಯಿತು, ಸಂಕ್ರಾಂತಿಯ ಎಳ್ಳುಬೆಲ್ಲವೂ ಖಾಲಿಯಾಯಿತು.

ಸಂಕ್ರಾಂತಿ ಕಳೆದರೆ ಗಂಡು-ಹೆಣ್ಣು ನೋಡುವ ಕಾಲ. ಮುನಿರತ್ನಮ್ಮನಿಗೆ ಕಿರಿಮಗಳು ಪ್ರಮೋದಾಳ ಚಿಂತೆ ಹತ್ತಿತು. ಪ್ರಮೋದಾ ಏರ್‌ಪೋರ್ಟ್ ರಸ್ತೆಯ ಹೋಟೆಲೊಂದರಲ್ಲಿ ಬಂದವರನ್ನು ಎದುರುಗೊಂಡು ರೂಮು ಕೊಡುವ ಕೆಲಸದಲ್ಲಿದ್ದಳು. ದಿನವಿಡೀ ಗುರುತಿಲ್ಲದವರಿಗೆ ನಗು ಹಂಚಿ ಬರುವ ಹುಡುಗಿಗೆ ಮನೆಯಲ್ಲಿ ಫೋಟೋಗೆ ನಗು ಎಂದರೆ ಬರುತ್ತಿರಲಿಲ್ಲ.

"ಆಶಾ, ನಮ್ ಪ್ರಮೋದಂಗೆ ಒಂದ್ ಒಳ್ಳೆ ಫೋಟೋ ತೆಕ್ಕೊಡು. ಗಂಡಿನ ಕಡೆಯೋರಿಗೆ ಕಳಿಸ್ಬೇಕು" ಎಂದು ಮುನಿರತ್ನಮ್ಮ ಹೇಳಿಕಳಿಸಿದಳು.

ಅವರ ಹಿತ್ತಲಿನ ಚಕ್ಕೋತದ ಮರದಡಿ ಹುಡುಗಿಯನ್ನು ನಿಲ್ಲಿಸಿದರು. ಮುಖದ ಮೇಲೆ ಎಲೆಗಳ ನೆರಳು ಬೀಳುತ್ತಿತ್ತು. ಬೆಳಕು ತಿರುಗಿಸಲು ಬೈರಮ್ಮ ಗಂಡನ ಬಿಳಿ ಪಂಚೆಯನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದು ಆಶಾರಾಣಿಯ ಪಕ್ಕದಲ್ಲಿ ನಿಂತರು. ಪ್ರಮೋದಾ ಸೀರೆಯುಟ್ಟು, ಹೋಟೆಲಿನಲ್ಲಿ ಕಲಿತ ಒಣನಗೆ ತಂದುಕೊಂಡಿದ್ದಳು. ಅಷ್ಟರಲ್ಲಿ ಮೇಕೆಮರಿಯೊಂದು ಹಿಂದಿನಿಂದ ಬಂದು ಪಂಚೆಯ ಅಂಚನ್ನು ಬಾಯಿಗೆ ಹಾಕಿಕೊಂಡಿತು. "ಥೂ, ನಿನ್ ಬಾಯಿಗೆ ಮಣ್ ಹಾಕ! ನಮ್ಮೆಜಮಾನ್ರ ಪಂಚೆ ಕಣೇ ಅದು!" ಎಂದು ಬೈರಮ್ಮ ಕೈ ಬಿಡಲಾಗದೆ ಕಾಲಿನಿಂದಲೇ ಮೇಕೆಯನ್ನು ದೂಡುತ್ತ ಕುಣಿಯತೊಡಗಿದರು. ಪ್ರಮೋದಾಳ ತುಟಿ ನಗು ತಡೆಯಲು ಹೆಣಗಾಡುತ್ತ ಒಂದು ಬದಿಗೆ ಸೊಟ್ಟಗಾಯಿತು, ಕಣ್ಣಲ್ಲಿ ಮಿಂಚು ಬಂತು. ಆಶಾರಾಣಿ ಅದೇ ಕ್ಷಣಕ್ಕೆ ಗುಂಡಿ ಒತ್ತಿದಳು.

ಅಂಥ ಚಿತ್ರ ಅವಳು ಅದುವರೆಗೆ ತೆಗೆದಿರಲಿಲ್ಲ. ಪ್ರಮೋದಾಳ ಬಲಗೆನ್ನೆಯ ಮೇಲೆ ಚುಕ್ಕೆ ಮಾತ್ರ ಇದ್ದೇ ಇತ್ತು.

ಕಾರ್ಡು ತೆಗೆದು ಫೋನಿಗೆ ಹಾಕಿ ತೋರಿಸಿದಾಗ ಮುನಿರತ್ನಮ್ಮ, "ಈಗ್ಲೇ ನಂಗ್ ಕಳ್ಸು" ಎಂದಳು.

"ಅಕ್ಕ, ಸಾಯಂಕಾಲದ ಒಳಗೆ ಚುಕ್ಕೆ ಅಳಿಸಿ ಕಳಿಸ್ತೀನಿ. ಇದನ್ನ ಯಾರಿಗೂ ಕಳಿಸ್ಬೇಡಿ."

"ಆಗ್ಲಿ ಬುಡು, ನೋಡೋಕೆ ಇರ್ಲಿ."

ಆಶಾರಾಣಿ ಕಳಿಸಿದಳು. ಅವಳು ಹಿಂದಿನ ಬೀದಿಯಿಂದ ಮನೆಗೆ ಬಂದು ಕ್ಯಾಮೆರಾ ಡಬ್ಬಿಗೆ ಹಾಕುವಷ್ಟರಲ್ಲಿ ಆ ಫೋಟೋ ಸಂಬಂಧ ಕುದುರಿಸುವವರ ಕೈ ದಾಟಿ, ಹೊಸಕೋಟೆ ಕಡೆಯ ಹಳ್ಳಿಯೊಂದಕ್ಕೆ ಹೋಗಿ ಮುಟ್ಟಿತ್ತು. ಹೆಣ್ಣು ಮಗಳಿಗೆ ದೃಷ್ಟಿಬೊಟ್ಟು ಇದ್ದರೆ ಒಳ್ಳೆಯದೇ ಎಂದುಕೊಂಡಿದ್ದಳು ಮುನಿರತ್ನಮ್ಮ.

ಉತ್ತರವೂ ಬೇಗ ಬಂತು. ಹುಡುಗ ವಿಜಯ್, ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಕೆಲಸ. ತಂದೆಗೆ ಹೊಲ, ರೇಷ್ಮೆ ಇದೆ. ಮನೆಯ ಹಿರಿಯಳು ಅಜ್ಜಿ ದ್ಯಾವಮ್ಮ ಫೋಟೋ ನೋಡಿದ ತಕ್ಷಣ "ಇದೇ ಹೆಣ್ಣು, ಇನ್ನು ಯಾರ್ನೂ ನೋಡ್ಬ್ಯಾಡಿ" ಎಂದರಂತೆ. ಯಾಕೆಂದು ಯಾರೂ ಕೇಳಲಿಲ್ಲ. ಭಾನುವಾರ ಬರುತ್ತೇವೆಂದು ಹೇಳಿ ಕಳಿಸಿದರು.

ಆ ಭಾನುವಾರಕ್ಕೆ ಮುಂಚೆಯೇ ಆಶಾರಾಣಿ ದೇವನಹಳ್ಳಿಗೆ ಹೊರಟಳು. ಕೆರೆಯ ಮೇಲಿನ ಹಕ್ಕಿಗಳನ್ನು ತೆಗೆಯಲು ಹೋಗಿ, ಆಕಾಶದಲ್ಲಿ ಒಂದು ಕಪ್ಪು ಹಕ್ಕಿ ಹೆಚ್ಚಾಗಿ, ಅದು ಪ್ರತಿ ಚಿತ್ರದಲ್ಲೂ ಹಾರದೆ ಅಲ್ಲೇ ನಿಂತಿದ್ದನ್ನು ನೋಡಿ ಅವಳಿಗೆ ನಾಚಿಕೆಯಾಗಿತ್ತು. ಬಸ್ಸಿನ ಸವಾರಿಯ ಆಸೆಗೆ ಬೈರಮ್ಮನೂ ಜೊತೆಯಾದರು.

ಗೋವಿಂದರಾಜು ಹಳೆಯ ಕಾಲದ ಸ್ಟುಡಿಯೋದವರು, ಈಗ ಕ್ಯಾಮೆರಾ ರಿಪೇರಿಯನ್ನೂ ಮಾಡುತ್ತಾರೆ. ಎಲ್ಲ ಕೇಳಿಸಿಕೊಂಡು, "ಕಿಂಡೀಲಿ ಕಾಣಲ್ಲ, ಫೋಟೋದಲ್ಲಿ ಕಾಣುತ್ತೆ. ಲೆನ್ಸ್ ಬದಲಾಯಿಸಿದ್ರೂ ಅಲ್ಲೇ ಇರುತ್ತೆ. ಹಂಗಂದ್ರೆ ಧೂಳು ಒಳಗೆ ಚಿತ್ರ ಹಿಡಿಯೋ ಸೆನ್ಸರ್ ಮೇಲೆ ಕೂತಿದೆ ಕಣಮ್ಮ" ಎಂದರು. "ಲೆನ್ಸಿನ ತೂತು ಸಣ್ಣದು ಮಾಡ್ಕೊಂಡು ಈ ಬಿಳೀ ಗೋಡೇದೊಂದು ಫೋಟೋ ಹೊಡಿ ನೋಡೋಣ."

ಹೊಡೆದಳು. ಸುಣ್ಣದ ಗೋಡೆಯ ಚಿತ್ರದಲ್ಲಿ ಚುಕ್ಕೆ ಒಣದ್ರಾಕ್ಷಿಯ ಹಾಗೆ ಎದ್ದು ಕಂಡಿತು.

ಗೋವಿಂದರಾಜು ಫ್ಯಾನು ಆರಿಸಿದರು, ಬಾಗಿಲು ಎಳೆದುಕೊಂಡರು, ತುಂಬ ಚಾರ್ಜಾದ ಬ್ಯಾಟರಿ ಹಾಕಿಸಿದರು. "ಒಳಗಿನ ಕನ್ನಡಿ ಮೇಲೆದ್ದಾಗ ಬ್ಯಾಟರಿ ಸತ್ರೆ ಅದು ಪಟ್ ಅಂತ ಕೆಳಗೆ ಬೀಳುತ್ತೆ. ಅದಕ್ಕೇ ಚಾರ್ಜ್ ನೋಡ್ಕೊಂಡೇ ಈ ಕೆಲಸಕ್ಕೆ ಕೈ ಹಾಕ್ಬೇಕು." ಕ್ಯಾಮೆರಾದ ಬಾಯನ್ನು ಕೆಳಮುಖ ಮಾಡಿ ಹಿಡಿದು, ಗಾಳಿಯೂದುವ ರಬ್ಬರ್ ಬುಡ್ಡೆಯನ್ನು ಅವಳ ಕೈಗೇ ಕೊಟ್ಟರು. "ನೀನೇ ಊದು. ತುದಿ ಒಳಗೆ ತಾಗಿಸ್ಬೇಡ."

ಆಶಾರಾಣಿ ಉಸಿರು ಬಿಗಿಹಿಡಿದು ಬುಡ್ಡೆ ಒತ್ತಿದಳು. ಬೈರಮ್ಮನಿಗೆ ಆ ಬುಡ್ಡೆಯ ಮೇಲೆ ನಂಬಿಕೆ ಬರಲಿಲ್ಲ. "ಅಷ್ಟು ಗಾಳಿಗೆ ಏನ್ ಹೋಗುತ್ತಪ್ಪ? ಹಸಿ ಸೌದೆ ಒಲೆ ಊದಿ ಊದಿ ಬೆಳೆದಿರೋ ಎದೆ ನಂದು. ಇಲ್ ಕೊಡು, ಒಂದ್ಸಲ ಊದ್ಬಿಡ್ತೀನಿ."

"ಅಮ್ಮ, ನಿಮ್ಮ ಎದೆಗೆ ನಮಸ್ಕಾರ" ಎಂದು ಗೋವಿಂದರಾಜು ಕ್ಯಾಮೆರಾವನ್ನು ಅವರಿಂದ ದೂರ ಸರಿಸಿದರು. "ಬಾಯಲ್ಲಿ ಊದಿದ್ರೆ ಉಗುಳಿನ ಹನಿ ಹಾರುತ್ತೆ. ಹಳೇ ಚುಕ್ಕೆ ಹೋಗಿ, ಸಿಡುಬು ಎದ್ದಂಗಾಗುತ್ತೆ."

ಬೈರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತ ಹಿಂದೆ ಸರಿದರು. ಊದಿದ್ದಕ್ಕೆ ಚುಕ್ಕೆ ಜಗ್ಗಲಿಲ್ಲ. ಕೊನೆಗೆ ಗೋವಿಂದರಾಜು ಅದಕ್ಕೆಂದೇ ಬರುವ ಚಪ್ಪಟೆ ಕಡ್ಡಿಯ ತುದಿಗೆ ಮದ್ದಿನ ಹನಿ ಹಾಕಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಂದೇ ಎಳೆತ ಎಳೆದರು. ಮತ್ತೆ ಗೋಡೆಯ ಚಿತ್ರ ತೆಗೆದಾಗ ಸುಣ್ಣ ಸುಣ್ಣವಾಗಿಯೇ ಕಂಡಿತು.

"ಕಾರ್ಡಲ್ಲಿರೋ ಫೋಟೋ ಎಲ್ಲ ಇಳಿಸ್ಕೊಂಡು ಖಾಲಿ ಮಾಡು, ತುಂಬಾ ತುಂಬಿದೆ" ಎಂದು ಅವರು ಹೇಳಿ ಕಳಿಸಿದರು. ಆಶಾರಾಣಿ ಹೂಂ ಎಂದಳು. ಅದನ್ನೂ ಮುಂದೂಡಿದಳು. ಒಂದು ಸೋಮಾರಿತನ ಅವಳನ್ನು ಸಿಕ್ಕಿಸಿತ್ತು. ಈ ಎರಡನೆಯದು ಅವಳನ್ನು ಉಳಿಸಿತು.

ಭಾನುವಾರ ಮುನಿರತ್ನಮ್ಮನ ಅಡುಗೆಮನೆಯಲ್ಲಿ ಬೈರಮ್ಮ ಕೇಸರಿಬಾತ್ ಕೆದಕುತ್ತಿದ್ದರು, ಆಶಾರಾಣಿ ತಟ್ಟೆ ಜೋಡಿಸುತ್ತಿದ್ದಳು. ಕ್ಯಾಮೆರಾ ಹೆಗಲಲ್ಲಿತ್ತು, ಮಾತು ಒಪ್ಪಿಗೆಯಾದರೆ ಒಂದು ಗುಂಪುಚಿತ್ರ ಬೇಕೆಂದು ಮುನಿರತ್ನಮ್ಮ ಹೇಳಿದ್ದಳು. ನಡುಮನೆಯಲ್ಲಿ ವಿಜಯ್, ಅವನ ತಂದೆ ತಾಯಿ, ಅಜ್ಜಿ ದ್ಯಾವಮ್ಮ ಚಾಪೆಯ ಮೇಲೆ ಕೂತಿದ್ದರು. ಪ್ರಮೋದಾ ಕಾಫಿ ತಂದು ಕೊಟ್ಟು ಎದುರಿಗೆ ಕೂತಳು.

ದ್ಯಾವಮ್ಮ ಅವಳನ್ನು ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದರು. "ಸ್ವಲ್ಪ ಈ ಕಡೆ ತಿರುಗವ್ವ" ಎಂದರು. ಪ್ರಮೋದಾ ತಿರುಗಿದಳು. "ಈಗ ಆ ಕಡೆ." ಆ ಕಡೆಯೂ ತಿರುಗಿದಳು.

"ಮಚ್ಚೆ ಎಲ್ಲಿ?" ಎಂದರು ದ್ಯಾವಮ್ಮ.

"ಯಾವ ಮಚ್ಚೆ?" ಎಂದಳು ಮುನಿರತ್ನಮ್ಮ.

"ಯಾವ್ ಮಚ್ಚೆ ಅಂದ್ರೆ? ಬಲಗೆನ್ನೆ ಮೇಲಿನ ಮಚ್ಚೆ! ಅದ್ ನೋಡ್ಕಂಡೇ ನಾನು ಒಪ್ಪಿದ್ದು. ನಿಮ್ಗೆ ಇನ್ನೊಬ್ಳು ಮಗಳು ಅವ್ಳೆ ಅಂದ್ರಲ್ಲ, ಅವ್ಳ ಫೋಟೋ ಕಳ್ಸಿ ಇವ್ಳನ್ನ ತೋರಿಸ್ತಾ ಇದ್ದೀರೇನವ್ವಾ?"

ಮುನಿರತ್ನಮ್ಮನ ಮುಖ ಕೆಂಪಾಯಿತು. "ಹಂಗೆಲ್ಲ ಮಾತಾಡ್ಬ್ಯಾಡಿ. ದೊಡ್ಡೋಳಿಗೆ ಮದ್ವೆ ಆಗಿ ಮಗುವೂ ಆಗೈತೆ, ಗಂಡನ ಮನೇಲವ್ಳೆ. ಫೋಟೋದಲ್ಲಿರೋಳೂ ಇವ್ಳೆ."

ವಿಜಯನ ತಂದೆ ಫೋನು ತೆಗೆದು ಫೋಟೋ ನೋಡಿ, ಹುಡುಗಿಯನ್ನು ನೋಡಿದರು. "ಮುಖ ಇದೇ ಇದ್ದಂಗೈತೆ. ಹಂಗಾದ್ರೆ ಮಚ್ಚೆ ಎಲ್ಲಿಗೋಯ್ತು? ಅಮ್ಮಂಗೆ ಮಚ್ಚೆ ಇಷ್ಟ ಅಂತ ಯಾರೋ ಹೇಳಿ, ಕಾಡಿಗೆ ಇಟ್ಟು ಫೋಟೋ ತೆಗ್ಸಿದ್ರೋ ಏನೋ" ಎಂದು ಕಾಫಿ ಲೋಟ ಕೆಳಗಿಟ್ಟು ಏಳಲು ಹೊರಟರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆಶಾರಾಣಿಗೆ ಕಿವಿಯವರೆಗೂ ಬಿಸಿಯೇರಿತು. ಇನ್ನು ಒಳಗೆ ನಿಲ್ಲುವುದು ಹೇಗೆ? ಹೊರಗೆ ಬಂದು ನಿಂತಳು. "ಕೂತ್ಕೊಳಿ ಅಣ್ಣ, ದಯವಿಟ್ಟು. ತಪ್ಪು ನಂದು. ಫೋಟೋ ತೆಗ್ದಿದ್ದು ನಾನು. ಅದು ಮಚ್ಚೆ ಅಲ್ಲ, ಕಾಡಿಗೇನೂ ಅಲ್ಲ. ಕ್ಯಾಮೆರಾ ಒಳಗೆ ರಾಗಿ ಹೊಟ್ಟು ಹೋಗಿ ಕೂತಿತ್ತು."

ದ್ಯಾವಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ರಾಗಿ ಹೊಟ್ಟಂತೆ! ಹೊಟ್ಟು ಹೆಣ್ಮಕ್ಳ ಕೆನ್ನೆ ಹುಡ್ಕೊಂಡು ಬಂದು ಕೂತ್ಕತೈತೇನಮ್ಮಿ? ಎಲ್ಲಿ, ಈಗ ತೆಗಿ ನೋಡಾನ."

ಆಶಾರಾಣಿ ತೆಗೆದಳು. ಚಿತ್ರ ಕನ್ನಡಿಯ ಹಾಗೆ ಶುಭ್ರವಾಗಿ ಬಂತು. ಗೋವಿಂದರಾಜು ಅವರ ಕೆಲಸವೆಂದರೆ ಕೆಲಸ. "ಮೊನ್ನೆ ತಾನೇ ಕ್ಲೀನ್ ಮಾಡಿಸ್ಕೊಂಡ್ ಬಂದೆ" ಎಂದಳು, ಮೆಲ್ಲಗೆ.

"ಓಹೋ, ಮೊನ್ನೆ ತಾನೆ!" ಎಂದರು ವಿಜಯನ ತಂದೆ, ಹೆಗಲಿಗೆ ಟವೆಲ್ಲು ಹಾಕಿಕೊಳ್ಳುತ್ತ.

ಆಗ ಅದುವರೆಗೆ ತಲೆ ತಗ್ಗಿಸಿ ಕೂತಿದ್ದ ಪ್ರಮೋದಾ ಬಾಯಿ ಬಿಟ್ಟಳು. ರೂಮು ಸರಿಯಿಲ್ಲವೆಂದು ಕೂಗಾಡುವವರನ್ನು ದಿನಾ ಸಮಾಧಾನ ಮಾಡುವ ಹುಡುಗಿ ಅವಳು. "ಆಶಕ್ಕ, ಹಳೇ ಫೋಟೋಗಳು ಕಾರ್ಡಲ್ಲೇ ಇದ್ಯಾ?"

"ಇದೆ ಕಣೆ! ಎಲ್ಲಾ ಇದೆ!"

"ಹಂಗಾದ್ರೆ ಅಜ್ಜಿಗೆ ಒಂದೊಂದೇ ತೋರಿಸಿ."

ಆಶಾರಾಣಿ ದ್ಯಾವಮ್ಮನ ಪಕ್ಕದಲ್ಲಿ ಕೂತು ಪರದೆ ಅವರತ್ತ ತಿರುಗಿಸಿದಳು. ಮೊದಲು ಪ್ರಮೋದಾಳದೇ ಚಿತ್ರ. ವಿಜಯ್ ಬಗ್ಗಿ ಬಂದು, "ಒಂದ್ನಿಮಿಷ ಅಕ್ಕ" ಎಂದು ಚುಕ್ಕೆಯಿರುವ ಜಾಗದ ಮೇಲೆ ತನ್ನ ಬೆರಳಿನ ತುದಿಯಿಟ್ಟ. "ಈಗ ಬದಲಾಯಿಸಿ. ಪ್ರತಿ ಸಲ ಬೆರಳು ಎತ್ತಿ ನೋಡ್ತೀನಿ."

ಮುಂದಿನ ಚಿತ್ರ ಮುನಿರತ್ನಮ್ಮನ ಮೊಮ್ಮಗ. ಬೆರಳೆತ್ತಿದ. ಕೆನ್ನೆ ಮೇಲೆ ಚುಕ್ಕೆ. ಮುಂದಿನದು ಬೈರಮ್ಮ, ಹುಣಸೆಹಣ್ಣು ಕುಟ್ಟುತ್ತಿರುವುದು. ಬೆರಳೆತ್ತಿದ. ಸರಿಯಾಗಿ ಮೂಗಿನ ತುದಿಗೆ ಚುಕ್ಕೆ. ಅದರ ಮುಂದಿನದು ಮನೆಯ ಎಮ್ಮೆ. ಕಪ್ಪು ಎಮ್ಮೆಯ ಮೇಲೆ ಏನು ಕಾಣಬೇಕು? "ಇದ್ರಲ್ಲಿ ಇಲ್ವಲ್ಲ" ಎಂದರು ವಿಜಯನ ತಂದೆ, ಅಷ್ಟು ಹೊತ್ತಿಗೆ ಅವರೂ ಹತ್ತಿರ ಬಂದು ಬಗ್ಗಿದ್ದರು. "ಅದೇ ಒಂದು ದೊಡ್ಡ ಮಚ್ಚೆ ಅಲ್ವೇನಪ್ಪಾ" ಎಂದರು ಬೈರಮ್ಮ ಅಡುಗೆಮನೆಯಿಂದ. ಅದರ ಮುಂದಿನದು ಪಕ್ಕದ ಮನೆಯ ಬಿಳಿ ಹಸು. ಬೆರಳೆತ್ತಿದ. ಹಸುವಿನ ಬಲಗೆನ್ನೆಯ ಮೇಲೆ, ಅಚ್ಚೊತ್ತಿದ ಹಾಗೆ, ಅದೇ ಚುಕ್ಕೆ.

ದ್ಯಾವಮ್ಮನ ಹೊಟ್ಟೆ ಮೊದಲು ಅಲುಗಿತು. ಆಮೇಲೆ ಭುಜ. ಆಮೇಲೆ ಮನೆಯೇ ಅಲುಗುವ ಹಾಗೆ ನಕ್ಕುಬಿಟ್ಟರು. "ಅಯ್ಯೋ ಶಿವನೆ! ಈ ಹಸುವಿನ ಫೋಟೋ ಕಳ್ಸಿದ್ರೂ ಒಪ್ಕೊಂಡ್ಬಿಡ್ತಿದ್ನಲ್ಲಪ್ಪೋ!"

ಎಲ್ಲರೂ ನಕ್ಕರು. ಮುನಿರತ್ನಮ್ಮನಿಗೂ ಕೋಪ ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ವಿಜಯನ ತಂದೆ ಮತ್ತೆ ಚಾಪೆಯ ಮೇಲೆ ಕೂತು, ತಣ್ಣಗಾದ ಕಾಫಿಯನ್ನೇ ಕೈಗೆತ್ತಿಕೊಂಡರು.

ನಗು ಇಳಿದ ಮೇಲೆ ದ್ಯಾವಮ್ಮ ತಮ್ಮ ಬಲಗೆನ್ನೆಯನ್ನು ಮುಟ್ಟಿಕೊಂಡರು. ಸುಕ್ಕಿನ ನಡುವೆ, ಅಲ್ಲಿಯೂ ಒಂದು ಮಚ್ಚೆಯಿತ್ತು. ಅದುವರೆಗೆ ಯಾರೂ ಗಮನಿಸಿರಲಿಲ್ಲ. "ನಾನು ಮದ್ವೆಯಾಗಿ ಬಂದಾಗ ಇದ್ನ ನೋಡಿ ಜನ ಆಡ್ಕಂಡಿದ್ರು ಕಣವ್ವ. ನಮ್ಮತ್ತೆ ಒಬ್ರೇ, 'ಮಚ್ಚೆ ಹೆಣ್ಣು ಮನೇಗೆ ಲಕ್ಷ್ಮಿ, ಯಾರ್ ಏನ್ ಅಂದ್ರೂ ತಲೆ ಎತ್ಕಂಡ್ ಓಡಾಡು' ಅಂದಿದ್ರು. ಈ ಮಗೀಗೂ ಅಲ್ಲೇ ಮಚ್ಚೆ ಐತಲ್ಲ, ನಾನೂ ಹಂಗೇ ಅನ್ಬೇಕು ಅಂತ ಆಸೆ ಆಯ್ತು. ಅಷ್ಟೇಯ."

ಪ್ರಮೋದಾ ಅವರ ಹತ್ತಿರಕ್ಕೆ ಸರಿದು ಕೂತಳು. "ಅಜ್ಜಿ, ಕೆನ್ನೆ ಮೇಲೆ ನನಗೆ ಮಚ್ಚೆ ಇಲ್ಲ, ಮುಂದೆ ಬರುತ್ತೆ ಅಂತಾನೂ ಹೇಳಕ್ಕಾಗಲ್ಲ. ಆದ್ರೆ ಆ ಮಾತು ಮಚ್ಚೆ ಇಲ್ದೋರಿಗೂ ಹೇಳ್ಬೋದಲ್ವಾ?"

"ಹೇಳ್ಬೋದು, ಹೇಳ್ಬೋದು" ಎಂದರು ದ್ಯಾವಮ್ಮ, ಅವಳ ಗಲ್ಲ ಹಿಡಿದು. "ಬಾಯಿ ಚೆನ್ನಾಗೈತೆ ನಿಂದು. ಲೇ ವಿಜಯ್, ನಿಂಗೇನ್ಲಾ? ನಿಂಗೂ ಮಚ್ಚೆ ಬೇಕಾ?"

"ನಾನು ಮಚ್ಚೆ ನೋಡೇ ಇಲ್ಲ ಅಜ್ಜಿ."

"ಮತ್ತೆ ಅಷ್ಟ್ ಹೊತ್ತು ಫೋನ್ ಹಿಡ್ಕಂಡು ಏನ್ ನೋಡ್ತಿದ್ದೆ?"

ವಿಜಯ್ ಕಿವಿ ಕೆಂಪು ಮಾಡಿಕೊಂಡು ಪ್ರಮೋದಾಳತ್ತ ತಿರುಗಿದ. "ಫೋಟೋದಲ್ಲಿ ನೀವು ನಗು ತಡ್ಕೊಂಡಿರೋ ಹಾಗಿತ್ತು. ಯಾಕಿರಬಹುದು ಅಂತ ಯೋಚಿಸ್ತಾ ಇದ್ದೆ."

ಪ್ರಮೋದಾ ಮೇಕೆ, ಪಂಚೆ, ಬೈರಮ್ಮನ ಕುಣಿತ ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ನಗು ತಡೆಯದೆ, ಮಾತು ಅರ್ಧಕ್ಕೆ ನಿಂತುಹೋಯಿತು. ಇಬ್ಬರೂ ಮೇಕೆಯ ಬಗ್ಗೆ ಮಾತಾಡುತ್ತಿದ್ದುದನ್ನು ನೋಡಿ ಹಿರಿಯರು ಮೆಲ್ಲಗೆ ಎದ್ದು ಚಕ್ಕೋತದ ಮರ ನೋಡುವ ನೆಪದಲ್ಲಿ ಹಿತ್ತಲಿಗೆ ಹೋದರು.

ಗುಂಪುಚಿತ್ರ ಆಯಿತು. ದ್ಯಾವಮ್ಮನಿಗೆ ತಮ್ಮದೊಂದು ಒಂಟಿ ಚಿತ್ರ ಬೇಕಾಯಿತು. ಮರದಡಿ ಕುರ್ಚಿ ಹಾಕಿಸಿಕೊಂಡು, ಬಲಗೆನ್ನೆ ಮುಂದೆ ಮಾಡಿ ಕೂತರು. ಚಿತ್ರ ನೋಡಿ ತಲೆದೂಗಿ, ಆಶಾರಾಣಿಯ ಕೈ ಹಿಡಿದುಕೊಂಡರು. "ಮದ್ವೆಗೂ ನೀನೇ ಬರ್ಬೇಕು. ಆದ್ರೆ ಒಂದ್ ಮಾತು ಕಣಮ್ಮಿ, ಇದು ಹೊಟ್ಟಲ್ಲ, ನಂದೇ. ಇದ್ನ ಒರೆಸ್ಬ್ಯಾಡ."

ಮದುವೆ ವೈಶಾಖದಲ್ಲಿ, ದೇವನಹಳ್ಳಿಯ ಛತ್ರದಲ್ಲಿ. ಅಷ್ಟರಲ್ಲಿ ಆಶಾರಾಣಿಯ ಮನೆಯಲ್ಲಿ ಹೊಸ ಕಟ್ಟಳೆಗಳು ಬಂದಿದ್ದವು. ಪ್ರತಿ ಕೆಲಸಕ್ಕೂ ಮುಂಚೆ ಬಿಳಿ ಗೋಡೆಯ ಚಿತ್ರ ತೆಗೆದು ನೋಡುವುದು. ಕೆಲಸ ಮುಗಿದ ದಿನವೇ ಕಾರ್ಡು ಖಾಲಿ ಮಾಡುವುದು. ಗಾಳಿಯೂದುವ ರಬ್ಬರ್ ಬುಡ್ಡೆಯ ಉಸ್ತುವಾರಿ ಬೈರಮ್ಮನದು. ಅದನ್ನು ಅವರು ಎಲೆಅಡಿಕೆ ಚೀಲದ ಪಕ್ಕದಲ್ಲೇ ಸೊಂಟಕ್ಕೆ ಸಿಕ್ಕಿಸಿಕೊಂಡು ಛತ್ರಕ್ಕೆ ಬಂದಿದ್ದರು. ಚೀಲ ಹೊರಲು ಹರಿಪ್ರಸಾದ್ ಕೂಡ ಅವತ್ತು ಟ್ಯಾಕ್ಸಿಗೆ ರಜ ಹಾಕಿದ್ದ.

ಮುಹೂರ್ತಕ್ಕೆ ಸ್ವಲ್ಪ ಮುಂಚೆ ಆಶಾರಾಣಿಗೆ ಉದ್ದದ ಲೆನ್ಸು ಬೇಕಾಯಿತು. ಮಂಟಪದಲ್ಲಿ ಹೋಮದ ಹೊಗೆ, ಮೇಲಿಂದ ಫ್ಯಾನು, ಕೆಳಗೆ ಅಕ್ಷತೆ ಹಿಡಿದ ಮಕ್ಕಳು. ಅವಳು ಉಗ್ರಾಣದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೈರಮ್ಮ ಹೊರಗೆ ಬಾಗಿಲಿಗೆ ಅಡ್ಡಲಾಗಿ ಕಾಲು ಚಾಚಿ ಕೂತುಬಿಟ್ಟರು.

"ಅಮ್ಮ, ತೆಂಗಿನಕಾಯಿ ಒಳಗಿವೆ, ಸ್ವಲ್ಪ ಬಿಡಿ" ಎಂದ ಅಡುಗೆಯವನು.

"ಒಳಗೆ ಲೆನ್ಸ್ ಬದಲಾಯಿಸ್ತಾವ್ಳೆ. ಯಾರನ್ನೂ ಬಿಡಂಗಿಲ್ಲ."

"ಪಲ್ಯಕ್ಕೆ ಕಾಯಿ ಬೇಕಲ್ಲಮ್ಮ!"

"ಕಾಯಿ ಎಲ್ಲೂ ಓಡೋಗಲ್ಲ. ಧೂಳು ಹೋದ್ರೆ ಮದ್ವೆ ಹೆಣ್ಣಿಗೆ ಗಡ್ಡ ಬರುತ್ತೆ. ನೀನ್ ಬಂದು ಕೆರೀತೀಯಾ?"

ಅಡುಗೆಯವನು ತಲೆಬುಡ ತಿಳಿಯದೆ ಸೌಟು ಹಿಡಿದು ನಿಂತ. ಒಳಗೆ ಆಶಾರಾಣಿ ಕ್ಯಾಮೆರಾ ಆರಿಸಿ, ಬಾಯಿ ಕೆಳಗೆ ಮಾಡಿ, ಒಂದು ಲೆನ್ಸು ಬಿಚ್ಚಿ ಇನ್ನೊಂದನ್ನು ಕಟ್ ಎಂದು ಕೂರಿಸಿದಳು. ತೆಂಗಿನಕಾಯಿ ರಾಶಿಯ ಹಿಂದಿನ ಬಿಳಿ ಗೋಡೆಯನ್ನು ಒಂದು ಸಲ ಹೊಡೆದು ನೋಡಿದಳು. ಅಷ್ಟರಲ್ಲಿ ಹೊರಗೆ ಗಟ್ಟಿಮೇಳ ಶುರುವಾಯಿತು.

ಬಾಗಿಲು ತೆರೆಯಿತು. "ಓಡೇ, ಓಡು!" ಎಂದು ಬೈರಮ್ಮ ಸೊಸೆಯ ಬೆನ್ನು ತಟ್ಟಿ, ತಾವೂ ಸೀರೆ ಎತ್ತಿಕಟ್ಟಿ ಹಿಂದೆಯೇ ಓಡಿದರು. ಆಶಾರಾಣಿ ಜನರ ನಡುವೆ ನುಸುಳಿ ಮಂಟಪದ ಮೆಟ್ಟಿಲಿಗೆ ಬರುವುದಕ್ಕೂ ಅಂತರಪಟ ಕೆಳಗಿಳಿಯುವುದಕ್ಕೂ ಸರಿಹೋಯಿತು. ಜೀರಿಗೆ ಬೆಲ್ಲ ಮೊದಲು ಹಾಕಿದವರದೇ ಮನೆಯಲ್ಲಿ ಮಾತು ನಡೆಯುತ್ತದಂತೆ. ವಿಜಯ್ ಎತ್ತರದ ಹುಡುಗ, ನಿಧಾನಕ್ಕೆ ಕೈಯೆತ್ತುತ್ತಿದ್ದ. ಪ್ರಮೋದಾ ತುದಿಗಾಲಲ್ಲಿ ನಿಂತು, ಅಕ್ಕನ ಭುಜ ಹಿಡಿದು ಒಂದು ನೆಗೆತ ನೆಗೆದು, ಅವನ ತಲೆಯ ಮೇಲೆ ಬೊಗಸೆ ಸುರಿದಳು. ಆಶಾರಾಣಿ ಗುಂಡಿ ಒತ್ತಿದಳು. ಪರದೆಯಲ್ಲಿ ಜೀರಿಗೆಯ ಒಂದೊಂದು ಕಾಳೂ ಬಿಡಿಬಿಡಿಯಾಗಿ ಗಾಳಿಯಲ್ಲಿ ನಿಂತಿತ್ತು, ಅದರ ನಡುವೆ ಇಬ್ಬರೂ ಮುಖ ತುಂಬ ನಗುತ್ತಿದ್ದರು.